ಜಯಸಿಂಹರಾಯರ ಒಳಜೇಬು

ಜಯಸಿಂಹರಾಯರ ಕರಿಯ ಕೋಟಿನ ಎಡಗಡೆಯ ಒಳಜೇಬಿನಲ್ಲಿ ಯಾವ ಹೊತ್ತಿಗೂ ಕಡಮೆಯೆಂದರೆ ಆರು ಮಂದಿ ಕೊಲೆಗಾರರು ಇರುತ್ತಿದ್ದರು. ಮಳೆಗಾಲದಲ್ಲಿ ಜನ ಮನೆ ಹಿಡಿದು ಕುಳಿತು ಹೆಚ್ಚು ಓದುತ್ತಿದ್ದುದರಿಂದ ಈ ಸಂಖ್ಯೆ ಹನ್ನೆರಡಕ್ಕೇರುತ್ತಿತ್ತು. ಆಗ ರಾಯರು ಎಡಕ್ಕೆ ಎಷ್ಟು ವಾಲುತ್ತಿದ್ದರೆಂದರೆ, ಬೈಕುಲ್ಲಾ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಅವರು ನಡೆದು ಬರುವಾಗ ಸೇತುವೆಯೇ ಓರೆಯಾಯಿತೆಂದು ಗಾಬರಿಗೊಂಡು ಅಪರಿಚಿತರು ಕಂಬಿ ಹಿಡಿದುಕೊಳ್ಳುತ್ತಿದ್ದರು.

ಹಗಲೆಲ್ಲ ಒಂದು ವಿಮಾ ಕಂಪೆನಿಯಲ್ಲಿ ಗುಮಾಸ್ತರಾಗಿ ಇತರರ ಮರಣದ ಕಾಗದಗಳನ್ನು ಜೋಡಿಸಿಡುತ್ತಿದ್ದ ರಾಯರು, ಸಂಜೆ ಬೈಕುಲ್ಲಾದ ಕಾಂತಪ್ಪನ ಹೋಟೆಲಿನ ಮೇಲಿದ್ದ ಕನ್ನಡ ವಾಚನಾಲಯಕ್ಕೆ ಸಂಬಳವಿಲ್ಲದ ಗ್ರಂಥಪಾಲರು. ಅಲ್ಲಿ ಇದ್ದದ್ದು ಎರಡು ಬೀರು. ಒಂದರಲ್ಲಿ ವೇದಾಂತ, ಅದರ ಬೀಗ ತುಕ್ಕು ಹಿಡಿದು ಬ್ರಹ್ಮದೊಡನೆ ಐಕ್ಯವಾಗಿತ್ತು. ಇನ್ನೊಂದರಲ್ಲಿ ಪತ್ತೇದಾರಿ ಕಾದಂಬರಿಗಳು: ಗೃಹರಹಸ್ಯ, ಸೇಡು, ವಿಷ, ಬಾಗಿಲ ಹಿಂದೆ ನಿಂತ ನಾದಿನಿ. ಮುಂಬಯಿಯ ಕನ್ನಡಿಗರು ಆ ಬೀರುವನ್ನು ಎಷ್ಟು ಸಲ ತೆಗೆದು ಮುಚ್ಚಿದ್ದರೆಂದರೆ ಅದರ ಬಾಗಿಲಿಗೆ ಕೀಲು ಬೇಕಿರಲಿಲ್ಲ, ಅಭ್ಯಾಸಬಲದಿಂದಲೇ ನಿಂತಿತ್ತು.

ಒಮ್ಮೆ ಯಾರೋ ಪುಣ್ಯಾತ್ಮ ಹೊಸ ಕಾದಂಬರಿಯೊಂದರ ಮೊದಲ ಪುಟದಲ್ಲೇ ಕೊಲೆ ಮಾಡಿದವನು ಮೈದುನನೆಂದು ಪೆನ್ಸಿಲಿನಲ್ಲಿ ಬರೆದಿಟ್ಟ. ರಾಯರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಬ್ಲೇಡು ತೆಗೆದುಕೊಂಡು, ಪ್ರತಿಯೊಂದು ಪತ್ತೇದಾರಿ ಪುಸ್ತಕದ ಹೊಲಿಗೆ ಬಿಚ್ಚಿ, ಕೊನೆಯ ಹದಿನಾರು ಪುಟಗಳನ್ನು ಬೇರ್ಪಡಿಸಿದರು. ಅಂದಿನಿಂದ ಪುಸ್ತಕ ಓದುಗರ ಮನೆಗೆ, ಕೊನೆಯ ಪುಟಗಳು ರಾಯರ ಜೇಬಿಗೆ. ಉಳಿದದ್ದನ್ನು ಓದಿ ಮುಗಿಸಿ, ಕೊಲೆಗಾರ ಯಾರು, ಯಾಕೆ ಎಂಬ ತಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟವರಿಗೆ ಮಾತ್ರ ಅಂತ್ಯಪ್ರಾಪ್ತಿ. ಕೈಚಾಚಿದವರಿಗೆಲ್ಲ ರಾಯರದು ಒಂದೇ ಮಾತು, "ಆತುರ ಯಾಕೆ, ಹೇಳಿ." ಅವರ ಸ್ವಂತ ಹೆಂಡತಿ ಪುಟ್ಟಲಕ್ಷ್ಮಿಯವರೂ ಚೀಟಿ ಬರೆದುಕೊಟ್ಟೇ ಕೊನೆಯ ಅಧ್ಯಾಯ ಕಂಡವರು.

ಭಾನುವಾರ ಮಧ್ಯಾಹ್ನ ಕೆಳಗಿನಿಂದ ಕಾಫಿ ತರಿಸಿಕೊಂಡು ನಾವು ಇಪ್ಪತ್ತು ಮಂದಿ ಗಂಡಸರು ಸುತ್ತ ಕುಳಿತರೆ, ರಾಯರು ಆ ವಾರದ ಚೀಟಿಗಳನ್ನು ಹೆಸರು ಹೇಳದೆ ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಕಾಂತಪ್ಪನ ಚೀಟಿ ಯಾವ ಕಾದಂಬರಿಗಾದರೂ ಒಂದೇ: "ಅಡಿಗೆಯವ ಮಾಡ್ಲಿಕ್ಕಿಲ್ಲ. ಅವನಿಗೆ ಪುರ್ಸೊತ್ತೆಲ್ಲಿ ಉಂಟು?" ಮಿಲ್ಲಿನ ಕಾಶಪ್ಪನದು: "ಹೇಣ್ತಿ ತಮ್ಮನ ಮಾಡಿರಬೇಕ್ರಿ. ಓದೂದ್ಯಾಕ, ನಮ್ಮನ್ಯಾಗ ಒಬ್ಬ ಅದಾನಲ್ಲ." ಒಬ್ಬೊಬ್ಬರೂ ಕಾದಂಬರಿಯ ಬಂಗಲೆಯೊಳಗೆ ತಮ್ಮ ತಮ್ಮ ಮನೆಯವರನ್ನೇ ಹುಡುಕುತ್ತಿದ್ದರೆಂಬುದು ನಮಗೆಲ್ಲ ಗೊತ್ತಿತ್ತು, ಗೊತ್ತಿದ್ದೇ ನಗುತ್ತಿದ್ದೆವು. ಚೀಟಿಯನ್ನು ಮುಂಚಿತವಾಗಿ ಓದಿಕೊಳ್ಳುವುದು ರಾಯರ ದೃಷ್ಟಿಯಲ್ಲಿ ರಸಭಂಗ. ನಮ್ಮೆದುರಿಗೇ ಬಿಡಿಸಿ, ಒಂದೊಂದು ಪದಕ್ಕೂ ಹುಬ್ಬು ಕುಣಿಸಿ, ನಾಟಕದ ಕಂಠದಲ್ಲಿ ಓದಬೇಕು.

ಐವತ್ತನಾಲ್ಕನೆಯ ಇಸವಿಯ ಆ ಭಾನುವಾರ ಮಲಾಡಿನಿಂದ ಸೀತಾರಾಮ ಎಂದಿನಂತೆ ಹೆಂಡತಿ ಓದಿದ ಪುಸ್ತಕವನ್ನು ಹಿಂತಿರುಗಿಸಲು ಬಂದಿದ್ದ. ಮೈಸೂರಿನ ಕಡೆಯವನು, ರೈಲ್ವೆಯಲ್ಲಿ ನಕ್ಷೆಗಾರ, ಸಾಧು. ಹೆಂಡತಿ ಅಲಮೇಲು ಅನ್ನದಗುಳಿನಿಂದ ಅಂಟಿಸಿಕೊಟ್ಟ ಲಕೋಟೆಯನ್ನು ದಾದರಿನಲ್ಲಿ ಗಾಡಿ ಬದಲಾಯಿಸಿ, ಸ್ವಂತ ಜೇಬಿನಲ್ಲಿ ಜೋಪಾನವಾಗಿ ತಂದು ರಾಯರ ಕೈಗಿಟ್ಟ. ಕಾದಂಬರಿ ಮೈಸೂರಿನ ಒಬ್ಬ ವಕೀಲನ ಕಥೆ: ಹೆಂಡತಿ ಕೊಟ್ಟ ಹಾಲು ಕುಡಿದು ದಿನದಿನಕ್ಕೆ ಕರಗುತ್ತಾನೆ, ಅವನಿಗೊಂದು ಗುಪ್ತವಾದ ಎರಡನೆಯ ಮನೆ.

ರಾಯರು ಲಕೋಟೆ ಹರಿದು ಕಂಠ ಸರಿಮಾಡಿಕೊಂಡರು.

"ಕೊಲೆ ಯಾರೂ ಮಾಡಿಲ್ಲ. ಗುರುವಾರ ಗುರುವಾರ ಓವರ್‌ಟೈಮ್ ಎಂದು ಹೇಳಿ ಆತ ಬಾಂದ್ರಾದಲ್ಲಿ ಇಳಿದು ಯಾರ ಮನೆಗೆ ಹೋಗುತ್ತಾನೆಂಬುದು ಹೆಂಡತಿಗೆ ಆರು ವರ್ಷದಿಂದ ಗೊತ್ತು. ಗೊತ್ತಿದೆಯೆಂದು ಹೇಳದಿರುವುದೇ ಅವಳ ಸೇಡು."

ಮೈಸೂರಿನ ವಕೀಲ ಬಾಂದ್ರಾದಲ್ಲಿ ಇಳಿಯುವುದು ಹೇಗೆ? ಇಡೀ ಮಾಳಿಗೆ ನಕ್ಕಿತು. ಕೆಳಗಡೆ ಹಂಡೆಯಲ್ಲಿದ್ದ ಸಾಂಬಾರು ಅಲುಗಿತೆಂದು ಕಾಂತಪ್ಪ ಆಮೇಲೆ ಪ್ರಮಾಣ ಮಾಡಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ಗದ್ದಲದಲ್ಲಿ ಮುಂದೆ ಓದಲಾಗದೆ ರಾಯರು, ಕಣ್ಣೊರೆಸಿಕೊಳ್ಳುತ್ತ, ಚೀಟಿಯನ್ನು ಮಡಚಿ ಒಳಜೇಬಿಗಿಟ್ಟರು; ತಲೆಯೆತ್ತಿದಾಗ ಕಂಡದ್ದು, ಸೀತಾರಾಮ ಅರ್ಧ ಕುಡಿದ ಕಾಫಿಯ ಲೋಟವನ್ನು ಸದ್ದಾಗದಂತೆ ನೆಲಕ್ಕಿಟ್ಟು, ಚಪ್ಪಲಿ ಮೆಟ್ಟಿಕೊಳ್ಳದೆ ಕೈಯಲ್ಲೇ ಹಿಡಿದು ಮೆಟ್ಟಿಲಿಳಿಯುತ್ತಿದ್ದುದು. ರಾಯರ ಮುಖದ ಮೇಲಿನ ನಗು ಇಳಿಯಲು ಮರೆತು ಅಲ್ಲೇ ಒಣಗಿತು.

ಹದಿನೇಳು ದಿನ ಮಲಾಡಿನಿಂದ ಯಾರೂ ಬರಲಿಲ್ಲ. ವಕೀಲನ ಕಥೆಯ ಕೊನೆಯ ಹದಿನಾರು ಪುಟ ಜೇಬಿನಲ್ಲೇ ಉಳಿಯಿತು. ಅದರ ಪಕ್ಕದಲ್ಲಿದ್ದ ಚೀಟಿಯನ್ನು ರಾಯರು ತೆಗೆದು ನೋಡಲಿಲ್ಲ. ಆ ಕಾಗದ ಮುಟ್ಟಿದರೆ ಬೆರಳು ಸುಡುತ್ತದೆಂಬಂತೆ, ಬಸ್ಸಿನ ಚಿಲ್ಲರೆಯನ್ನೂ ಬಲಗಡೆಯ ಜೇಬಿಗೆ ವರ್ಗಾಯಿಸಿದ್ದರು. ಹದಿನೆಂಟನೆಯ ದಿನ ಅರ್ಧ ದಿನದ ರಜೆ ಹಾಕಿ, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಮಲಾಡಿಗೆ ಹೋದರು.

ಅಲಮೇಲು ಚಾಪೆ ಹಾಸಿದಳು, ನೀರು ಕೊಟ್ಟಳು. ರಾಯರು ತಪ್ಪಾಯಿತೆಂದು ಹೇಳಲು ಮನೆಯಿಂದ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಲೋಕಲ್ ರೈಲಿನಲ್ಲೇ ಉಳಿದುಹೋಗಿದ್ದವು. ಆ ಹದಿನಾರು ಪುಟಗಳನ್ನು ಮುಂದೆ ಚಾಚಿದರು.

"ಅದು ನಂಗ್ಯಾಕೆ ರಾಯರೇ? ನಿಮ್ಮ ಜೇಬಿಂದ ಒಂದಕ್ಷರ ಈಚೆ ಬರೋಲ್ಲ ಅಂತ ಎಲ್ಲಾರೂ ಹೇಳ್ತಿದ್ರು. ಅದನ್ನ ನಂಬಿ ಬರೆದೆ, ಭಾನುವಾರ ಸಭೇಲಿ ಓದ್ತೀರಂತ ನಂಗ್ಯಾರೂ ಹೇಳಿರ್ಲಿಲ್ಲ. ಆರು ವರ್ಷ ಯಾರಿಗೂ ಹೇಳಿರ್ಲಿಲ್ಲ, ಒಂದ್ಸಲ ಎಲ್ಲಾದ್ರೂ ಬರೀಬೇಕು ಅನ್ನಿಸ್ತು."

ರಾಯರು ಚಾಪೆಯ ಎಳೆಗಳನ್ನು ನೋಡುತ್ತ ಕುಳಿತರು.

"ಈಗ ಗುರುವಾರ ಬೇಗ ಬಂದ್ಬಿಡ್ತಾರೆ," ಎಂದಳು ಅಲಮೇಲು. "ಬಂದು ಎದುರಿಗೆ ಕೂತ್ಕೋತಾರೆ. ನಿನ್ನ ಚೀಟಿ ಎಲ್ಲರೆದುರು ಓದಿದ್ರು ಅಂದಿದ್ದೇ ಕೊನೆ, ಆಮೇಲೆ ಮಾತಿಲ್ಲ. ನಾನು ಹಾಲು ಕೊಟ್ರೆ ಮೊದ್ಲು ಬೆಕ್ಕಿಗೆ ಒಂದಿಷ್ಟು ಹಾಕಿ, ಅದರ ಮುಖ ನೋಡ್ತಾರೆ. ಬೆಕ್ಕು ದುಂಡಗಾಗಿದೆ. ಚೀಟೀಲಿ ಆಮೇಲೆ ಬರೆದಿದ್ನಲ್ಲ, ಅದನ್ನ ಕೇಳಿದ್ಮೇಲೂ ಹೀಗೆ ಮಾಡ್ತಾರಲ್ಲ, ಅದೇ ನಂಗೆ ಹೊಟ್ಟೆ ಉರಿ."

ರಾಯರ ಕೈ ತಾನಾಗಿ ಎಡಗಡೆಯ ಜೇಬಿಗೆ ಹೋಯಿತು. ಚೀಟಿ ಬಿಚ್ಚಿ, ಈ ಬಾರಿ ತುಟಿಯನ್ನೂ ಅಲುಗಿಸದೆ, ಅಂದು ನಿಲ್ಲಿಸಿದಲ್ಲಿಂದ ಮುಂದಕ್ಕೆ ಓದಿದರು. "ಮೊದಮೊದಲು ಸೇಡಾಗಿತ್ತು, ಈಗ ಅಭ್ಯಾಸವಾಗಿದೆ. ಹಾಲಿಗೆ ಸಕ್ಕರೆ ಬಿಟ್ಟು ಅವಳು ಏನೂ ಹಾಕಿದವಳಲ್ಲ. ಒಂದು ಗುರುವಾರ ಅವನಾಗಿಯೇ ಬಾಯಿಬಿಟ್ಟು ಹೇಳಿದರೆ ಸಾಕು, ಕೇಳಿಸಿಕೊಳ್ಳುತ್ತಾಳೆ."

ಪುಟ್ಟಲಕ್ಷ್ಮಿಯವರು ಗಂಡನ ಭುಜದ ಮೇಲಿಂದ ಅದನ್ನು ಓದಿದವರೇ, "ಇದನ್ನ ಓದ್ಲೇ ಇಲ್ವೇ ನೀವು?" ಎಂದು ಕೇಳಿದರು. ರಾಯರು ಇಲ್ಲವೆಂದು ತಲೆಯಾಡಿಸಿದರು. ಅಲಮೇಲು ಇಬ್ಬರ ಮುಖವನ್ನೂ ನೋಡಿ, ತಿರುಗಿ ಒಳಗೆ ಹೋದಳು.

ಅಂದು ಗುರುವಾರ. ಪುಟ್ಟಲಕ್ಷ್ಮಿಯವರನ್ನು ಅಲ್ಲೇ ಬಿಟ್ಟು ರಾಯರು ಮಲಾಡ್ ಸ್ಟೇಷನ್ನಿಗೆ ಬಂದು ನಿಂತರು. ನಾಲ್ಕನೆಯ ಲೋಕಲ್ಲಿನಿಂದ ಸೀತಾರಾಮ ಇಳಿದ. ರಾಯರು ಚೀಟಿಯನ್ನು ಅವನ ಕೈಗಿಟ್ಟು, ಅರ್ಧಕ್ಕೇ ನಿಲ್ಲಿಸಿದ್ದು ತಾವೆಂದಷ್ಟೇ ಹೇಳಿದರು. ಸೀತಾರಾಮ ಮೂರು ಸಲ ಓದಿದನಂತೆ. ಇಳಿದ ಜನವೆಲ್ಲ ಕರಗಿ ಪ್ಲಾಟ್‌ಫಾರಂ ಬರಿದಾದ ಮೇಲೆ, "ರಾಯರೇ, ನನ್ನ ಜೇಬಲ್ಲೇ ತಂದಿದ್ದೆ ಇದನ್ನ," ಎಂದ. ಮನೆಯ ಕಡೆ ನಡೆದ. ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ.

ಮುಂದೇನಾಯಿತೆಂದು ರಾಯರು ಕೇಳಲಿಲ್ಲ. ಆ ಸಂಜೆ ಮನೆಗೆ ಹಿಂತಿರುಗಿದ ಪುಟ್ಟಲಕ್ಷ್ಮಿಯವರು ಏನೋ ಹೇಳಹೊರಟಾಗ ಕೈಯೆತ್ತಿ ತಡೆದರಂತೆ. ಅವರ ಆಯುಷ್ಯದಲ್ಲಿ ಅಂತ್ಯ ತಿಳಿಯದೆ ಬಿಟ್ಟ ಕಥೆ ಅದೊಂದೇ. ಮರುವಾರ ದಬ್ಬಣ, ದಾರ ತಂದು ಎಲ್ಲ ಪುಸ್ತಕಗಳಿಗೂ ಕೊನೆಯ ಪುಟಗಳನ್ನು ತಾವೇ ಹೊಲಿದರು. ಬೆರಳಿಗೆ ಚುಚ್ಚಿಕೊಂಡ ರಕ್ತ ಎರಡು ಮೂರು ಕಾದಂಬರಿಗಳಲ್ಲಿ ಕೊಲೆಯ ಪ್ರಕರಣಕ್ಕೆ ಸರಿಯಾಗಿ ಬಿದ್ದಿದೆ. ಜೇಬು ಬರಿದಾಯಿತು, ಎಡಕ್ಕೆ ವಾಲುವುದು ಮಾತ್ರ ಸಾಯುವವರೆಗೂ ಹೋಗಲಿಲ್ಲ.

ಇಂಥವರನ್ನು ಎಲ್ಲ ವಾಚನಾಲಯಗಳಲ್ಲೂ ಕಂಡಿದ್ದೇನೆ. ಕಾಗದದ ಮನುಷ್ಯನ ಗುಟ್ಟನ್ನು ಪ್ರಾಣ ಒತ್ತೆಯಿಟ್ಟು ಕಾಯುತ್ತಾರೆ. ನಿಜವಾದ ಗುಟ್ಟೊಂದು ಅನ್ನದಗುಳಿನ ಅಂಟಿನೊಡನೆ ಕೈಗೆ ಬಂದರೆ ಅದನ್ನೂ ಕಥೆಯೆಂದುಕೊಂಡು ಸಭೆಯಲ್ಲಿ ಹರಿಯುತ್ತಾರೆ. ದುರುಳರಲ್ಲ, ರಸಿಕರು. ತಪ್ಪು ತಿಳಿದ ದಿನ ಅರ್ಧ ರಜೆ ಹಾಕಿ ಹೋಗಿ ನೆಲ ನೋಡುತ್ತ ಕುಳಿತುಕೊಳ್ಳುವಷ್ಟು ಮನುಷ್ಯತ್ವ ಅವರಲ್ಲಿರುತ್ತದೆ. ಸುತ್ತ ಕುಳಿತು ನಕ್ಕವರ ಜಾತಿ ಬೇರೆ. ಆ ಚೀಟಿ ಅರ್ಧಕ್ಕೆ ನಿಂತದ್ದು ನಮ್ಮ ನಗೆಯಿಂದ. ನಮ್ಮಲ್ಲಿ ಒಬ್ಬನೂ ಮಲಾಡಿನ ಗಾಡಿ ಹತ್ತಲಿಲ್ಲ.