ಚಪ್ಪಾಳೆ ಬೀಳುವ ಮಾತು

ಪರದೆಯ ಸಂದಿಯಿಂದ ಇಣುಕಿದ ರೋಹಿಣಿಗೆ ಮುಂದಿನ ಸಾಲುಗಳಲ್ಲಿ ಕೂತಿದ್ದ ತಾಯಿ ಕಂಡಳು. ಹಸಿರು ಇಳಕಲ್ ಸೀರೆ, ತಲೆತುಂಬ ಸೆರಗು. ಪಕ್ಕದಲ್ಲಿ ನೆರೆಮನೆಯ ಕಮಲಾಬಾಯಿ ಶೇಂಗಾ ಬಿಡಿಸುತ್ತ ಏನೋ ಹೇಳುತ್ತಿದ್ದಳು. ಸೊಲ್ಲಾಪುರದಲ್ಲಿ ಪ್ರಯೋಗವಿದೆಯೆಂದು ರೋಹಿಣಿ ಮನೆಗೆ ತಿಳಿಸಿರಲಿಲ್ಲ. ಗೋಡೆಯ ಮೇಲಿನ ಜಾಹೀರಾತಿನಲ್ಲಿ ಮಗಳ ಮುಖ ನೋಡಿ ಆಯಿ ತಾನೇ ಟಿಕೀಟು ಕೊಂಡು ಬಂದಿರಬೇಕು.

ಅವಳು ನೇರ ದಾತಾರ್ ಸರ್ ಹತ್ತಿರ ಹೋದಳು. ನಾಟಕ ಆಡಿಸುವವರು ಅವರೇ.

"ಸರ್, ಎರಡನೇ ಅಂಕದ ಜಗಳದಾಗ ಆ ಒಂದು ಮಾತು... ಇವತ್ತೊಂದಿನ ಬ್ಯಾರೆ ಏನಾರ ಅನ್ಲೇನ್ರಿ?"

"ಯಾವುದು? ಕೈಕಾಡ್ಯಾರಾಕಿ?" ದಾತಾರ್ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡರು. "ಹುಚ್ಚಿ ಏನ ನೀ? ಇಡೀ ನಾಟಕದಾಗ ಚಪ್ಪಾಳಿ ಬೀಳೂದು ಅಲ್ಲೇ. ಯಾಕ, ಕೈಕಾಡ್ಯಾರು ಟಿಕೀಟ್ ತಗೊಂಡ ಬಂದಾರೇನು?"

ಬಣ್ಣ ಹಚ್ಚಿಕೊಳ್ಳುತ್ತಿದ್ದವರೆಲ್ಲ ನಕ್ಕರು. ರೋಹಿಣಿಯೂ ನಕ್ಕಳು.

ಬರೆದಾಗ ಆ ಮಾತು ಹಾಗಿರಲಿಲ್ಲ. ಓರಗಿತ್ತಿಯರ ಜಗಳದಲ್ಲಿ ಹಿರಿಯವಳು ಕಿರಿಯವಳಿಗೆ, "ಸಂತಿಯಾಕಿ ಹಂಗ ಬಾಯಿ ಮಾಡಬ್ಯಾಡ" ಅನ್ನಬೇಕಿತ್ತು. ತಾಲೀಮಿನಲ್ಲಿ ದಾತಾರ್ ಮೂಗು ಮುರಿದರು. "ಸಪ್ಪಗಾತು. ಕೈಕಾಡ್ಯಾರಾಕಿ ಅನ್ನು. ಖಾರ ಹತ್ತತದ." ತಲೆ ಬಾಚಿಕೊಳ್ಳದ ಮಕ್ಕಳಿಗೆ ದಾತಾರ್ ಅವರ ತಾಯಿ ಅನ್ನುತ್ತಿದ್ದ ಮಾತಂತೆ. ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮೊದಲ ದಿನ ಹೇಳುವಾಗ ರೋಹಿಣಿ ತಡವರಿಸಿದ್ದಳು. ಆಮೇಲಾಮೇಲೆ ಸಲೀಸಾಯಿತು. ಅವಳ ಜಾಧವ ಎಂಬ ಅಡ್ಡಹೆಸರು ಊರೆಲ್ಲ ಇದೆ, ಯಾವ ಜಾಧವ ಎಂದು ಯಾರೂ ಕೆದಕಿರಲಿಲ್ಲ.

ಅವಳ ಅಜ್ಜಿ ರೈಲ್ವೆ ಹಳಿಯ ಆಚೆ ಕೈಕಾಡಿ ಮಂದಿಯ ಓಣಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ಅಪ್ಪನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಮೇಲೆ ಮನೆ ಹೊಸ ಕಾಲನಿಗೆ ಬಂತು. ಅಲ್ಲಿ ಆಯಿ ಜೋರಾಗಿ ಮಾತಾಡುವುದನ್ನೇ ಬಿಟ್ಟಳು. ನಲ್ಲಿಯ ಹತ್ತಿರ ಯಾರಾದರೂ ತನ್ನ ಕೊಡ ಸರಿಸಿದರೂ ಸುಮ್ಮನಿರುವಳು. ದನಿ ಏರಿಸಿದ ಹೆಂಗಸಿಗೆ ಆ ಕಾಲನಿಯಲ್ಲಿ ಯಾವ ಹೆಸರಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮಕ್ಕಳು ಕಿರುಚಿದರೆ ಓಡಿಬಂದು ಕಿಟಕಿ ಮುಚ್ಚಿ, ತಮ್ಮ ಮಂದಿಯ ಮಾತಿನಲ್ಲಿ ಪಿಸುಗುಡುವಳು: "ಬಾಯಿ ಸಣ್ಣ ಮಾಡ್ರಿ."

ಎರಡನೇ ಅಂಕ ಶುರುವಾಯಿತು. ಕಿರಿಯ ಓರಗಿತ್ತಿಯ ಪಾತ್ರದ ನೀಲಿಮಾ ಸೆರಗು ಸಿಕ್ಕಿಸಿಕೊಂಡು ರಂಗದ ಮುಂದೆ ಬಂದು ಕೂಗಿದಳು: "ಪಾಲು ಕೊಡೂತನಾ ನಾ ಹಿಂಗ ಒದರಾಕಿನ!"

ರೋಹಿಣಿ ಸೊಂಟಕ್ಕೆ ಕೈಯಿಟ್ಟಳು. ಬಾಯಿ ತೆರೆದಳು. ರಂಗದ ಬೆಳಕಿನಾಚೆ ಯಾರ ಮುಖವೂ ಕಾಣುತ್ತಿರಲಿಲ್ಲ, ಆ ಹಸಿರು ಸೀರೆ ಎಲ್ಲಿದೆ ಎಂಬುದು ಮಾತ್ರ ಗೊತ್ತಿತ್ತು. ಮಾತು ಬರಲಿಲ್ಲ. ಸಂತೆಯವಳ ಮಾತೂ ಬರಲಿಲ್ಲ, ಮತ್ತೊಂದೂ ಬರಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಪಕ್ಕದ ಪರದೆಯ ಹಿಂದಿನಿಂದ ದಾತಾರ್ ಪಿಸುಗುಟ್ಟಿದರು. ಅವಳಿಗೆ ಮಾತು ಮರೆತಿದೆಯೆಂದು ತಿಳಿದ ನೀಲಿಮಾ, ಗೆಳತಿಯ ಮಾನ ಉಳಿಸಲು ತಾನೇ ಮುಂದಾದಳು.

"ಯಾಕ ವೈನಿ, ಹಂಗ್ಯಾಕ ನೋಡ್ತೀರಿ? ಕೈಕಾಡ್ಯಾರಾಕಿ ಹಂಗ ಒದರ್ತಾಳ ಅಂತೀರೇನು? ಹೂಂ, ಒದರ್ತೀನಿ!"

ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಎಂದೂ ಇಲ್ಲದಷ್ಟು ಚಪ್ಪಾಳೆ ಬಿತ್ತು.

ನಾಟಕ ಮುಗಿದ ಮೇಲೆ ಆಯಿ ಬಣ್ಣದ ಕೋಣೆಗೆ ಬಂದಳು, ಬೆನ್ನಿಗೇ ಕಮಲಾಬಾಯಿ.

"ಎವ್ವಾ, ಎಷ್ಟ ಚಂದ ಮಾಡಿದ್ಯ!" ಕಮಲಾಬಾಯಿ ರೋಹಿಣಿಯ ಗಲ್ಲ ಹಿಡಿದಳು. "ಆ ಕೈಕಾಡ್ಯಾರಾಕಿ ಮಾತಿಗಿ ನಕ್ಕೂ ನಕ್ಕೂ ನನ್ನ ಹೊಟ್ಟಿ ನೋತು. ನಿಮ್ಮವ್ವನೂ ನಕ್ಕಳು. ಹೌದಲ್ರಿ?"

"ಹೂಂ. ನಕ್ಕೆ," ಅಂದಳು ಆಯಿ.

ಕಮಲಾಬಾಯಿ ಚಹಾ ಹುಡುಕಿಕೊಂಡು ಹೋದಮೇಲೆ ಆಯಿ ಮಗಳ ಕಿವಿಯ ಹತ್ತಿರ ಬಾಗಿ, ತಮ್ಮ ಮಾತಿನಲ್ಲಿ ಕೇಳಿದಳು.

"ಯಾಕ ನಿಂತಿ?"

"ನೀ ಕುಂತಿದ್ದಿ, ಆಯಿ."

"ಅಂದು ಮುಗಿಸಬೇಕಿತ್ತು. ನೀ ಸುಮ್ಮನಾದಿ, ಕಮಲಾಬಾಯಿ ತಿರುಗಿ ನನ್ನ ಮಾರಿ ನೋಡಿದ್ಳು. ಮಗಳಿಗಿ ಏನಾತ್ರಿ ಅಂತ ಕೇಳಿದ್ಳು." ಆಯಿ ಬಾಗಿಲ ಕಡೆ ನೋಡಿದಳು. "ಅದಕ್ಕ ಎಲ್ಲಾರಗಿಂತ ಜೋರ ನಕ್ಕೆ ನಾ."

ಹೊರಗಿನಿಂದ ಕಮಲಾಬಾಯಿ ಕರೆದಳು. ಆಯಿ ಸೆರಗು ಸರಿಮಾಡಿಕೊಂಡು, "ಬಂದ್ನ್ರಿ" ಎಂದು ಮೆತ್ತಗೆ ಹೇಳಿ ಹೊರಟುಹೋದಳು.

ರೋಹಿಣಿ ಕನ್ನಡಿಯ ಮುಂದೆ ಕೂತಳು. ಹಿಂದೆ ನಿಂತ ನೀಲಿಮಾ ಅವಳ ತುರುಬಿನ ಪಿನ್ನು ಬಿಚ್ಚತೊಡಗಿದಳು. ಅಷ್ಟರಲ್ಲಿ ದಾತಾರ್ ಬಂದರು. ಸಿಟ್ಟಿರಲಿಲ್ಲ, ಖುಷಿಯಲ್ಲೇ ಇದ್ದರು.

"ನೀಲಿಮಾ ಗೆದ್ದಳು ಇವತ್ತು. ನಾಳೆ ಬಾರ್ಶಿ ಪ್ರಯೋಗದಾಗನೂ ಹಂಗ ಇರಲಿ, ಇಬ್ಬರೂ ಅನ್ರಿ. ಆದ್ರ ರೋಹಿಣಿ, ನಿನಗೇನಾಗಿತ್ತವಾ?"

"ನಾ ಕೈಕಾಡಿ ಇದ್ದೀನ್ರಿ, ಸರ್."

ದಾತಾರ್ ಅದನ್ನು ಚೇಷ್ಟೆಯೆಂದುಕೊಂಡರು. ತೊಡೆ ತಟ್ಟಿ ನಕ್ಕರು.

"ಅದೇನ ಹೇಳ್ಬೇಕ? ನಿನ್ನ ಬಾಯಿ ಕೇಳಿದ್ರ ಗೊತ್ತಾಗ್ತದ!"

ಮೀಸೆ ಕೀಳುತ್ತಿದ್ದವರು, ಪೆಟ್ಟಿಗೆ ಕಟ್ಟುತ್ತಿದ್ದವರು ಎಲ್ಲರೂ ನಕ್ಕರು. ಯಾರೋ ಅದನ್ನೇ ಇನ್ನೊಮ್ಮೆ ಹೇಳಿ ಮತ್ತೆ ನಗಿಸಿದರು. ದಾತಾರ್ ಅವಳ ಭುಜ ತಟ್ಟಿ, ವ್ಯಾನು ಬಂತೇನೆಂದು ನೋಡಲು ಹೋದರು.

ರೋಹಿಣಿ ಕಣ್ಣೆತ್ತಿದಳು. ಕನ್ನಡಿಯಲ್ಲಿ ನೀಲಿಮಾ ನಗುತ್ತಿರಲಿಲ್ಲ. ಅವಳ ಬೆರಳುಗಳು ಅರ್ಧ ಬಿಚ್ಚಿದ ತುರುಬಿನಲ್ಲಿ ಹಾಗೇ ನಿಂತುಬಿಟ್ಟಿದ್ದವು.