ಹಣೆಗಿಷ್ಟು ಬೂದಿ

“ಬೇಡ, ಬೇಡ, ಅಣು ಬೇಡ” ಎಂದು ಕೆಂಪರಾಜು ಅರಳಿಕಟ್ಟೆಯ ಮೈಕಿನಲ್ಲಿ ಕೂಗುತ್ತಿದ್ದಾಗ ಸಿದ್ದಮ್ಮನ ಮಡಿಲಲ್ಲಿ ಕುರಿಮರಿಯೊಂದು ಕಾಲು ಸೆಟೆಸಿತು. ಬಾಯಿಗೆ ಬಿಟ್ಟ ನೀರು ಹಾಗೇ ಆಚೆ ಬಂತು. ಎರಡು ವಾರದಿಂದ ಒಂದಾದ ಮೇಲೊಂದು ಹೀಗೇ. ಮೊದಲು ಚರ್ಮ ಬಿರಿಯುವುದು, ಆಮೇಲೆ ಮೇವು ಬಿಡುವುದು, ಕೊನೆಗೆ ಇದು.

ಉಣ್ಣೆಹುಳು ಹತ್ತದಿರಲೆಂದು ಕುರಿ ರೊಪ್ಪಕ್ಕೆ ಬೂದಿ ಎರಚಿ, ಮರಿಗಳ ಮೈಗೂ ಒಂದಿಷ್ಟು ಸವರುವುದು ಅವಳ ಅತ್ತೆಯ ಕಾಲದಿಂದ ಬಂದದ್ದು. ಮನೆಗೆ ಗ್ಯಾಸು ಬಂದ ಮೇಲೆ ಒಲೆಯೂ ಇಲ್ಲ, ಬೂದಿಯೂ ಇಲ್ಲ. ಅಣ್ಣನ ಮಗ ಕೆಂಪರಾಜುವೇನೋ ಟಿಪ್ಪರುಗಟ್ಟಲೆ ಬೂದಿ ತಂದು ಕೆರೆಯಂಗಳಕ್ಕೆ ಸುರಿಯುತ್ತಿದ್ದ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಯಾವುದೋ ಘಟಕದ್ದಂತೆ. ಕೇಳಿದ್ದಕ್ಕೆ, “ಅತ್ತೆಗಿಲ್ದಿದ್ದು ಇನ್ಯಾರ್ಗೆ?” ಎಂದು ನಗುತ್ತಾ ರೊಪ್ಪದ ಬಾಗಿಲಿಗೇ ಒಂದು ಲೋಡು ಇಳಿಸಿ ಹೋಗಿದ್ದ.

ಸಿದ್ದಮ್ಮ ಸತ್ತ ಮರಿಗೆ ಗೋಣಿ ಹೊದಿಸಿ, ಇದೆಂಥ ಬೂದಿಯೆಂದು ಕೆಂಪರಾಜುವನ್ನೇ ಕೇಳಲು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡು ಅರಳಿಕಟ್ಟೆಗೆ ನಡೆದಳು. ಊರಿಗೆ ಊರೇ ಸೇರಿತ್ತು. ಪಕ್ಕದ ಬಂಡೆಯ ಮೇಲೆ ಅಣು ಸ್ಥಾವರ ಬರುತ್ತದೆಂಬ ಸುದ್ದಿ ಹಾರೋಹಳ್ಳಿ ಬಸ್ಸಿನಲ್ಲಿ ಹುಟ್ಟಿ ಊರು ತುಂಬಿತ್ತು. ಯಾರು ಹೇಳಿದರು, ಯಾವಾಗ ಬರುತ್ತದೆ, ಒಬ್ಬರಿಗೂ ಗೊತ್ತಿಲ್ಲ. ಜನರನ್ನು ಒಸಿ ಹೆದರಿಸಲಿ ಎಂದು ಕೆಂಪರಾಜು ಕನಕಪುರದಿಂದ ಭಾನುಪ್ರಿಯ ಎಂಬ ಫಿಸಿಕ್ಸ್ ಮೇಡಂ ಅನ್ನು ಕರೆಸಿದ್ದ. ಆಕೆ ಹೆದರಿಸುವ ಬದಲು ಪಾಠ ಮಾಡತೊಡಗಿದ್ದಳು.

“ಅಣು ತ್ಯಾಜ್ಯಕ್ಕೆ ಹೆದರಬೇಕಾದ್ದೇ. ಸಾವಿರಾರು ವರ್ಷ ಕಾಯಬೇಕು. ಆದರೆ ಅದು ಇರೋದು ಕಡಿಮೆ. ಗಾಜಿನಲ್ಲಿ ಬೆರೆಸಿ, ಉಕ್ಕಿನ ಡಬ್ಬಿಯಲ್ಲಿ ತುಂಬಿ, ಕಾವಲು ಹಾಕ್ತಾರೆ. ಕಲ್ಲಿದ್ದಲ ಬೂದಿ ಹಾಗಲ್ಲ, ಗುಡ್ಡೆಗುಡ್ಡೆ. ಅದರಲ್ಲಿ ಪಾಷಾಣ ಇರುತ್ತೆ, ಸ್ವಲ್ಪ ಯುರೇನಿಯಂ ಕೂಡ. ಎಷ್ಟೋ ಕಡೆ ಅದಕ್ಕೆ ಕಾವಲೇ ಇಲ್ಲ.”

“ಮೇಡಂ, ಇವತ್ತಿನ ವಿಷ್ಯ ಅಣು” ಎಂದು ಕೆಂಪರಾಜು ಮೈಕಿಗೆ ಕೈ ಹಾಕಿದ.

“ತಡೀಲಾ” ಎಂದಳು ಸಿದ್ದಮ್ಮ. “ಮೇಡಮ್ಮೋರೆ, ಯಾವ ಬೂದಿ? ಇವ್ನು ಕೆರೆಗೆ ಸುರೀತಾವ್ನಲ್ಲ, ಅದಾ?”

“ಅದು ಎಲ್ಲಿಂದ ಬರುತ್ತಮ್ಮ?”

“ಕಲ್ಲಿದ್ಲು ಸುಟ್ಟು ಕರೆಂಟ್ ಮಾಡೋ ತಾವಿಂದ.”

ಮೇಡಂ ಕೆಂಪರಾಜುವಿನ ಮುಖ ನೋಡಿದಳು. “ಹಾಗಾದ್ರೆ ಅದೇ” ಎಂದಳು, ದನಿ ತಗ್ಗಿಸಿ.

“ಓದ್ದೋರಿಗೆಲ್ಲಾ ಗೊತ್ತಿದ್ದಿದ್ನ ಯಾಕವ್ವಾ ಯಾರೂ ಯೋಳ್ನಿಲ್ಲ? ಬೂದಿ ಕಂಡ್ರೆ ಹಣೆಗಿಕ್ಕೋ ಜನ ನಾವು. ನನ್ ಕೈಯಾರೆ ಮರಿಗಳ ಮೈಗೆ ಬಳಿದ್ನಲ್ಲ. ಉಳಿದವು ಆ ಕೆರೆ ನೀರ್ನೇ ಕುಡೀಬೇಕು. ಸಂಜೆ ಲೋಡು ನಿಲ್ಸು ಕೆಂಪ.”

“ಬೂದಿಗೆಲ್ಲಾ ಕುರಿ ಸಾಯ್ತವಾ ಅತ್ತೆ? ಯಾವ್ದೋ ರೋಗ ಇರ್ಬೇಕು, ನಡಿ. ಆಮೇಲ್ ಮಾತಾಡನ.”

ಸಿದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬಂಡೆಯ ಮೇಲೆ ಇನ್ನೂ ಬಾರದ ಸ್ಥಾವರಕ್ಕೆ ಬ್ಯಾನರು, ಮೈಕು, ಚಪ್ಪಾಳೆ. ಬಂದು ಮನೆ ಬಾಗಿಲಲ್ಲಿ ಬಿದ್ದದ್ದಕ್ಕೆ ‘ಆಮೇಲೆ ಮಾತಾಡನ’. ಥೂ, ಇವರ ಹೋರಾಟಕ್ಕಿಷ್ಟು.

ಅವಳು ಸೆರಗಿನ ಗಂಟು ಬಿಚ್ಚಿದಳು. ರೊಪ್ಪದಿಂದ ಕಟ್ಟಿಕೊಂಡು ಬಂದಿದ್ದ ಬೂದಿ ಅದರಲ್ಲಿತ್ತು. ಹುಡುಗನಾಗಿದ್ದಾಗ ಕೆಂಪರಾಜು ಬೆಚ್ಚಿಬಿದ್ದರೆ ಒಲೆಯ ಬೂದಿ ತೆಗೆದು ಹಣೆಗಿಟ್ಟವಳು ಅವಳೇ. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಾಗಲೂ ಬಂದು ತಲೆ ಬಗ್ಗಿಸಿ ಇಡಿಸಿಕೊಂಡು ಹೋಗಿದ್ದ.

“ಬಾ ಮಗ. ಊರ್ ಉಳ್ಸಕ್ ನಿಂತಿದ್ದೀಯ. ಹಣೆ ಕೊಡು.”

ಅಭ್ಯಾಸಬಲ. ಕೆಂಪರಾಜು ತಲೆ ಬಗ್ಗಿಸಿದ. ಅವಳ ಬೆರಳು ಹಣೆಯ ಹತ್ತಿರ ಬಂದಾಗ ಬೂದಿಯ ಬಣ್ಣ ನೋಡಿದ. ಒಲೆಯ ಬೂದಿಯ ಬಿಳಿಯಲ್ಲ, ಕಪ್ಪು ತಿರುಗಿದ ಬೂದು. ಥಟ್ಟನೆ ಅವಳ ಮಣಿಕಟ್ಟು ಹಿಡಿದ.

“ಬ್ಯಾಡ ಅತ್ತೆ.”

“ಯಾಕ್ಲಾ?”

ಮೈಕು ಆನ್ ಆಗಿಯೇ ಇತ್ತು. ಅವನ ಉಸಿರು ಮಾತ್ರ ಊರಿಗೆಲ್ಲ ಕೇಳಿತು.

“ನಿಂದೇ ಬೂದಿ ಕಣ್ಲಾ” ಎಂದಳು ಸಿದ್ದಮ್ಮ. ಅವನು ಹಿಡಿದ ಕೈ ಬಿಡಲಿಲ್ಲ.

ಅಷ್ಟರಲ್ಲಿ ಸಂಜೆಯ ಟಿಪ್ಪರು ತಿರುವಿನಲ್ಲಿ ಬಂದು ಜನರ ಹಿಂದೆ ನಿಂತಿತು. ಡ್ರೈವರ್ ದಾರಿಗಾಗಿ ಹಾರ್ನ್ ಮಾಡಿದ, ಮತ್ತೆ ಮಾಡಿದ. ರಸ್ತೆಗೆ ಕಾಲು ಚಾಚಿ ಕೂತಿದ್ದ ಮುದುಕ ಮುನಿಶಾಮಯ್ಯ ಒಮ್ಮೆ ತಿರುಗಿ ನೋಡಿದ. ಕಾಲು ಮಡಚಲಿಲ್ಲ.