ಮಧ್ಯಾಹ್ನದ ದಶಮಿ

ಪ್ರೋಗ್ರಾಮು ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ, ತಾವು ಬರೆದದ್ದನ್ನು ಎಷ್ಟು ಜನ ಮೆಚ್ಚಿದ್ದಾರೆ ಅಂತ ಫೋನು ತೆಗೆದು ನೋಡುವುದು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹುಡುಗಿ ಆರತಿಗೂ ಈ ಚಾಳಿ ಚೆನ್ನಾಗಿ ಅಂಟಿತ್ತು. ಬುಧವಾರ ಬೆಳಿಗ್ಗೆ ಅವಳು ಬರೆದು ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿಟ್ಟ ‘ಜ್ಞಾಪಕ’ ಅನ್ನುವ ಪ್ರೋಗ್ರಾಮಿಗೆ ನಾನೂರ ಹನ್ನೆರಡು ನಕ್ಷತ್ರ ಬಿದ್ದಿದ್ದವು. ಮೆಚ್ಚಿದವರು ಒತ್ತುವ ನಕ್ಷತ್ರ ಅದು. ಅದರಿಂದ ಹಲ್ಲುಜ್ಜುವ ಬ್ರಷ್ಷೂ ಬರುವುದಿಲ್ಲ, ಆದರೂ ಎಣಿಸಿದರೆ ಏನೋ ಒಂಥರಾ ಖುಷಿ.

ಹೊಟ್ಟೆಪಾಡಿಗೆ ಅವಳು ಮೈಸೂರಿನ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಜ್ಞಾಪಕ ಮಾತ್ರ ಅವಳ ಸ್ವಂತದ್ದು, ಅಪ್ಪನಿಗಾಗಿ ಮಾಡಿದ್ದು. ಅಪ್ಪ ಅನಂತರಾಮು ಪುರೋಹಿತರು. ಪಾಂಡವಪುರ, ಮೇಲುಕೋಟೆ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಸೇರಿ ಎಂಬತ್ತಮೂರು ಮನೆಗಳ ಶ್ರಾದ್ಧ ಅವರದ್ದು. ಯಾರ ಮನೆಯಲ್ಲಿ ಯಾರು, ಯಾವ ಮಾಸ, ಯಾವ ಪಕ್ಷ, ಯಾವ ತಿಥಿ ಅನ್ನುವುದೆಲ್ಲ ಒಂದು ರಟ್ಟಿನ ನೋಟ್‌ಬುಕ್ಕಿನಲ್ಲಿತ್ತು. ತಿಂಗಳಿಗೊಮ್ಮೆ ಅದನ್ನೂ ಪಂಚಾಂಗವನ್ನೂ ಎದುರಿಗೆ ಹರಡಿಕೊಂಡು ಕೂತು, ಒಂದೊಂದೇ ಮನೆಗೆ ಫೋನು ಮಾಡಿ ದಿನ ಹೇಳುತ್ತಿದ್ದರು. ನಲವತ್ತು ವರ್ಷದಲ್ಲಿ ಒಂದು ದಿನ ತಪ್ಪಿದ್ದಿಲ್ಲ. ಈ ಮಾತನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ, ಆ ಮನೆಗಳವರೇ ಹೇಳುತ್ತಿದ್ದರು.

ಈ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಯುಗಾದಿಗೆ ಕಾಣುತ್ತಿದ್ದ ಪಂಚಾಂಗದ ಸಣ್ಣ ಅಕ್ಷರ ನಾಲ್ಕೇ ತಿಂಗಳಲ್ಲಿ ಇರುವೆ ಸಾಲಿನಂತಾಗಿಹೋಯಿತು. ಆಗ ಆರತಿ, ‘ನೋಟ್‌ಬುಕ್ಕು ಇಲ್ಲಿ ಕೊಡಿ ಅಪ್ಪ, ನಾನು ನೋಡ್ಕೋತೀನಿ’ ಅಂದಳು. ಎರಡು ಭಾನುವಾರದಲ್ಲಿ ಜ್ಞಾಪಕ ತಯಾರಾಯಿತು. ಅದು ತಿಥಿ ಲೆಕ್ಕ ಹಾಕಿ ದಿನ ಹಿಡಿದು, ವಾರದ ಮೊದಲೇ ಆಯಾ ಮನೆಗೆ ವಾಟ್ಸಾಪ್ ಮೆಸೇಜು ಕಳಿಸುತ್ತಿತ್ತು. ಎರಡು ತಿಂಗಳಿಂದ ಅದೇ ನಡೆದುಕೊಂಡು ಬಂದಿತ್ತು.

ಎರಡೇ ಭಾನುವಾರದಲ್ಲಿ ಮುಗಿದದ್ದು ಹೇಗೆ ಅಂದರೆ, ಈಗಿನ ಕಾಲದ ಉಪಕರಣಗಳು ಹಾಗಿವೆ. ನೀವು ಒಂದು ಸಾಲು ಶುರುಮಾಡಿದರೆ ಸಾಕು, ಉಳಿದ ಹತ್ತು ಸಾಲನ್ನು ತಾವೇ ಊಹಿಸಿ ಬೂದು ಬಣ್ಣದಲ್ಲಿ ಮುಂದಿಡುತ್ತವೆ. ಒಪ್ಪಿಗೆಯಾದರೆ ಟ್ಯಾಬ್ ಕೀ ಒತ್ತಬೇಕು. ಆರತಿ ಒತ್ತಿದಳು, ಮತ್ತೂ ಒತ್ತಿದಳು. ಪ್ರೋಗ್ರಾಮು ಬರೆಯಲು ಯಾವ ಎಡಿಟರು ಒಳ್ಳೆಯದು, ಕಪ್ಪು ಪರದೆಯೋ ಬಿಳಿ ಪರದೆಯೋ ಅಂತ ಆನ್‌ಲೈನಿನಲ್ಲಿ ಗಂಟೆಗಟ್ಟಲೆ ಜಗಳವಾಡುವ ಹುಡುಗಿ, ಬೂದು ಸಾಲುಗಳನ್ನು ಮಾತ್ರ ಮನೆಯ ಹಿರಿಯರು ಹೇಳಿದ್ದು ಅನ್ನುವ ಹಾಗೆ ಒಪ್ಪಿಕೊಂಡಳು.

ಬುಧವಾರ ಅವಳ ಕಣ್ಣಿಗೆ ಬಿದ್ದದ್ದು ನಕ್ಷತ್ರಗಳ ಕೆಳಗೆ ಹೂತುಹೋಗಿದ್ದ ಒಂದು ದೂರು. ನಾಲ್ಕು ದಿನ ಹಳೆಯದು. ಗೂಬೆಯ ಚಿತ್ರ ಇಟ್ಟುಕೊಂಡ ಯಾರೋ ಅಪರಿಚಿತರು ಬರೆದಿದ್ದರು: ‘ಒಳ್ಳೆಯ ಕೆಲಸ. ಆದರೆ ನಿಮ್ಮ ಪ್ರೋಗ್ರಾಮು ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದನ್ನೇ ಇಡೀ ದಿನಕ್ಕೆ ಹಿಡಿಯುತ್ತಿದೆ. ಹಬ್ಬಗಳಿಗೆ ಅದು ಸರಿಯಿರಬಹುದು. ಶ್ರಾದ್ಧಕ್ಕೆ ಅಪರಾಹ್ನದಲ್ಲಿ, ಅಂದರೆ ಮಧ್ಯಾಹ್ನದ ಮೇಲೆ, ಯಾವ ತಿಥಿ ಇದೆಯೋ ಅದನ್ನು ನೋಡಬೇಕಲ್ಲವೇ? ಮನೆಯಲ್ಲಿ ತಿಳಿದವರಿದ್ದರೆ ಕೇಳಿ.’

ಆರತಿ ಕಡೆಯ ಸಾಲನ್ನು ಮತ್ತೊಮ್ಮೆ ಓದಿದಳು. ಮನೆಯಲ್ಲಿ ತಿಳಿದವರು! ಅವಳು ಇದನ್ನು ಬರೆಯುವಾಗ ತಿಳಿದವರು ಪಕ್ಕದ ಕೋಣೆಯಲ್ಲೇ ಕಣ್ಣಿಗೆ ಔಷಧಿ ಬಿಟ್ಟುಕೊಂಡು ರೇಡಿಯೋ ಕೇಳುತ್ತಾ ಮಲಗಿದ್ದರು. ಎದ್ದು ಎಂಟು ಹೆಜ್ಜೆ ಹಾಕಿ ಕೇಳಬಹುದಿತ್ತು. ಪುರೋಹಿತರ ಮನೆಯಲ್ಲಿ ಹುಟ್ಟಿದವಳಿಗೆ ಇದೆಲ್ಲ ಗೊತ್ತೇ ಇದೆ ಅನ್ನುವ ಧಿಮಾಕು. ಕೇಳಲಿಲ್ಲ.

ಮೊದಲು ಪಟ್ಟಿಯಲ್ಲಿ ಮುಂದೆ ಬರುವ ಹೆಸರು ನೋಡಿದಳು. ನಾಗಮಂಗಲದ ರಾಘವೇಂದ್ರ, ಹೈಸ್ಕೂಲು ಮೇಷ್ಟ್ರು. ಅವರ ತಂದೆಯ ತಿಥಿ, ಬಹುಳ ದಶಮಿ. ಶುಕ್ರವಾರ ಅಂತ ಮೆಸೇಜು ಹೋಗಿತ್ತು. ಪಂಚಾಂಗ ತೆಗೆದು ನೋಡಿದರೆ, ಗುರುವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ನವಮಿ ಮುಗಿದು ದಶಮಿ ಶುರು; ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಅದೂ ಮುಗಿಯುತ್ತದೆ. ಮಧ್ಯಾಹ್ನದಲ್ಲಿ ದಶಮಿ ಇರುವುದು ಗುರುವಾರವೇ. ಅಂದರೆ ನಾಳೆ.

ಸಿಂಧಘಟ್ಟದ ಕುಮಾರನಿಗೆ ಫೋನು ಮಾಡಿದಳು. ಅವನೂ ಅದೇ ಕಂಪನಿಯವನು, ಊರಿನಲ್ಲೇ ಕೂತು ಕೆಲಸ ಮಾಡುವವನು. ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆಯೇ ಅವನ ಲ್ಯಾಪ್‌ಟಾಪು ತೆರೆಯುತ್ತಿದ್ದದ್ದು.

‘ಏನಮ್ಮ, ನಾನೂರ್ ದಾಟ್ಬುಡ್ತಂತೆ ನಿಂದು? ಪಾರ್ಟಿ ಯಾವಾಗ?’

ಆರತಿ ನಡೆದದ್ದನ್ನು ಹೇಳಿದಳು.

‘ಅಷ್ಟೇ ತಾನೆ? ಒಂದ್ ಲೈನು. ಸರಿ ಮಾಡ್ಬುಟ್ಟು ಸುಮ್ಕಿರು. ಆ ಮೇಷ್ಟ್ರು ಮನೆ ಕ್ಯಾಲೆಂಡರ್ ನೋಡುದ್ರೂ ಸುಕ್ರುವಾರಾನೆ ದಸಮಿ ಅಂತ ಬರ್ದಿರ್ತದೆ. ಯಾರಿಗ್ ಗೊತ್ತಾಯ್ತದೆ?’

‘ಅಪ್ಪನಿಗೆ?’

‘ಅವ್ರಿಗೆ ಪಂಚಾಂಗ ಕಾಣಕಿಲ್ಲ ಅಂದಿದ್ಯಲ್ಲ.’

ಆ ಕಡೆ ಹಸುವೊಂದು ಕೂಗಿತು.

‘ಥೂ, ಇಂತಾ ಮಾತ್ ಆಡ್ಬುಟ್ನಾ ನಾನು?’ ಅಂದ ಕುಮಾರ. ‘ತಪ್ಪಾಯ್ತು ಕಣಮ್ಮ. ನಮ್ಮಜ್ಜಿಗೆ ಎಡೆ ಇಕ್ಕದು ಒಂದಿನ ಎಚ್ಚುಕಮ್ಮಿ ಆಗೋಗಿ ನಮ್ಮಪ್ಪ ಮೂರ್ ದಿನ ಯಾರ್ನೂವೆ ಮಾತಾಡುಸ್ನಿಲ್ಲ. ಓಗು, ಏಳ್ಬುಡು ಅವ್ರಿಗೆ.’

ಹೇಳಿಬಿಡು ಅನ್ನುವುದೇನೋ ಸುಲಭ. ಆರತಿ ಮೊದಲು ಪ್ರೋಗ್ರಾಮು ತಿದ್ದಿದಳು. ಈ ಸಲ ಟ್ಯಾಬ್ ಒತ್ತಲಿಲ್ಲ, ಒಂದೊಂದು ಅಕ್ಷರವನ್ನೂ ತಾನೇ ಕುಟ್ಟಿದಳು. ಆಮೇಲೆ, ಇಷ್ಟರಲ್ಲಿ ಆಗಿಹೋದ ಹದಿನಾಲ್ಕು ಶ್ರಾದ್ಧದ ದಿನಗಳನ್ನೂ ಹೊಸ ಲೆಕ್ಕದಿಂದ ಮತ್ತೆ ಓಡಿಸಿದಳು. ತಪ್ಪಿದವು ಕೆಂಪು ಬಣ್ಣದಲ್ಲಿ ಬರುವ ಹಾಗೆ ಮಾಡಿದ್ದಳು. ಪಾಂಡವಪುರದ್ದು ಎರಡು, ಮೇಲುಕೋಟೆಯದು ಒಂದು, ಕೆ.ಆರ್. ಪೇಟೆಯದು ಒಂದು. ಐದನೆಯ ಕೆಂಪು ಸಾಲಿನಲ್ಲಿ ‘ಶಾರದ, ಶುದ್ಧ ಬಿದಿಗೆ’ ಅಂತಿತ್ತು.

ಶಾರದ ಅಂದರೆ ಅವಳ ಅಮ್ಮ.

ಅಮ್ಮ ಹೋಗಿ ಮೂರು ವರ್ಷ. ಗಂಡುಮಕ್ಕಳಿಲ್ಲದ ಮನೆ, ಹೆಂಡತಿಯ ಶ್ರಾದ್ಧವನ್ನು ಅಪ್ಪನೇ ಮಾಡುತ್ತಿದ್ದರು. ಮೂರು ವಾರದ ಹಿಂದೆ, ಬುಧವಾರ, ಇದೇ ಹಜಾರದಲ್ಲಿ ಮಾಡಿದ್ದರು. ಆರತಿಯೇ ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಮಡಿಯಲ್ಲಿ ಅಡುಗೆ ಮಾಡಿದ್ದಳು. ಅಮ್ಮನಿಗೆ ಇಷ್ಟ ಅಂತ ಎಳ್ಳುಂಡೆ ಎರಡು ಹೆಚ್ಚಿಗೆ ಕಟ್ಟಿದ್ದಳು. ಅದೆಲ್ಲ ಆದದ್ದು ಬಿದಿಗೆ ಮುಗಿದ ಮೇಲೆ. ಕೆಂಪು ಸಾಲು ನೋಡುತ್ತಾ ನೋಡುತ್ತಾ ಅವಳಿಗೆ ಅಳು ಬಂದುಬಿಟ್ಟಿತು. ತನ್ನ ಮೇಲೆ ತನಗೇ ಬಂದ ಸಿಟ್ಟಿನ ಅಳು ಅದು.

ಮುಖ ತೊಳೆದು ಕಾಫಿ ಬೆರೆಸಿಕೊಂಡು ಹಜಾರಕ್ಕೆ ಹೋದಳು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಅದೇ ಹೊತ್ತಿಗೆ ಫೋನು ಬಂತು. ಕೆ.ಆರ್. ಪೇಟೆಯ ಜಯಲಕ್ಷ್ಮಮ್ಮನವರದ್ದು, ಮುಂದಿನ ತಿಂಗಳ ತಿಥಿ ಯಾವ ದಿನ ಅಂತ ಕೇಳಲು.

‘ಮಗಳನ್ನ ಕೇಳಿಮ್ಮ,’ ಅಂದರು ಅಪ್ಪ. ‘ಅವಳ ಮಿಷನ್ನು ಹೇಳತ್ತೆ. ನಾನು ಹೇಳೋದು ಬಿಟ್ಟಿದೀನಿ.’

ಮೂರು ವಾರದಿಂದ ಅಪ್ಪ ಯಾರು ಕೇಳಿದರೂ ಹೀಗೇ ಹೇಳುತ್ತಿದ್ದರು. ಆರತಿಗೆ ಅದು ಹೆಮ್ಮೆಯ ಮಾತಾಗಿ ಕೇಳಿಸಿತ್ತು. ‘ನಲವತ್ತು ವರ್ಷದ ಪುರೋಹಿತರು ನನ್ನ ಮೊದಲ ಬಳಕೆದಾರರು. ಈಗ ಪಂಚಾಂಗ ಬೇಡ ಅನ್ನುತ್ತಾರೆ’ ಅಂತ ಆನ್‌ಲೈನಿನಲ್ಲಿ ಹಾಕಿಕೊಂಡಿದ್ದಳು. ಆ ಒಂದು ಮಾತಿಗೇ ನೂರಿನ್ನೂರು ನಕ್ಷತ್ರ ಬಿದ್ದಿದ್ದವು.

ಅವಳು ಕಾಫಿ ಲೋಟ ಅವರ ಕೈಗಿಟ್ಟು ಎದುರಿಗೆ ನೆಲದ ಮೇಲೆ ಕೂತಳು.

‘ಅಪ್ಪ, ನನ್ನಿಂದ ತಪ್ಪಾಗಿದೆ. ಶ್ರಾದ್ಧಕ್ಕೂ ಉದಯದ ತಿಥೀನೇ ಹಿಡಿದುಬಿಟ್ಟಿದೀನಿ. ಅಪರಾಹ್ನ ನೋಡಲಿಲ್ಲ.’

ಅಪ್ಪ ಲೋಟ ಬಾಯಿಗೆ ತೆಗೆದುಕೊಂಡು ಹೋದವರು ಅಲ್ಲೇ ನಿಲ್ಲಿಸಿದರು. ‘ಎಷ್ಟು ಮನೆ?’

‘ನಾಗಮಂಗಲದ್ದು ನಾಳೆ ಇದೆ, ಶುಕ್ರವಾರ ಅಂದಿದೀನಿ. ಅದಕ್ಕೆ ಮುಂಚೆ ನಾಲ್ಕು ಮನೆ ಆಗಿಹೋಗಿದೆ. ಮತ್ತೆ ಅಮ್ಮಂದು.’

ಬಯ್ಯುತ್ತಾರೆ ಅಂದುಕೊಂಡಳು. ಬಯ್ದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಅಪ್ಪ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ತಡಕಾಡಿ ಇಟ್ಟರು.

‘ಹಾಗಾದರೆ ಮಂಗಳವಾರವೇ ಸರಿ,’ ಅಂದರು.

‘ಏನಪ್ಪ?’

‘ಯುಗಾದಿಗೆ ಹೊಸ ಪಂಚಾಂಗ ಬಂದಾಗ ಮೊದಲು ನಾನು ನೋಡೋದು ಅವಳದ್ದನ್ನೇ. ಮಂಗಳವಾರ ಅಂತ ಮನಸ್ಸಲ್ಲಿತ್ತು. ನೀನು ಬುಧವಾರ ಅಂದೆ. ಪಂಚಾಂಗ ತೆಗೆದೆ, ಅಕ್ಷರ ಕಾಣಲಿಲ್ಲ. ನಿನ್ನ ಕೇಳೋಣ ಅಂದುಕೊಂಡೆ. ಮಿಷನ್ನು ತಪ್ಪತ್ತಾ, ನಂದೇ ತಲೆ ಹೋಯಿತು ಅಂದುಕೊಂಡು ಸುಮ್ಮನಾದೆ.’

‘ಒಂದು ಮಾತು ಹೇಳಬಾರದಿತ್ತಾ?’

‘ಆ ಮಂಗಳವಾರ ಹೊಟ್ಟೆ ಸರಿಯಿಲ್ಲ ಅಂತ ಊಟ ಬಿಟ್ಟೆನಲ್ಲ, ಜ್ಞಾಪಕ ಇದೆಯಾ? ಹೊಟ್ಟೆ ಸರಿಯಾಗೇ ಇತ್ತು. ಅವಳ ದಿನ ಇದ್ದರೂ ಇರಬಹುದು ಅಂತ ಒಂದು ಅನುಮಾನ. ಕಟ್ಟಿಕೊಂಡ ಹೆಂಡತಿ ತಿಥೀನೇ ಮರೆತವನು ಇನ್ನೊಬ್ಬರ ಮನೆಗೆ ಏನಂತ ದಿನ ಹೇಳಲಿ? ಅದಕ್ಕೇ ಎಲ್ಲರಿಗೂ ಮಗಳನ್ನ ಕೇಳಿ ಅನ್ನೋಕೆ ಶುರುಮಾಡಿದೆ.’

ಆರತಿ ದಿನ ತಪ್ಪಿಸಿದ್ದು ಒಂದು ಕಡೆಗಿರಲಿ. ನಲವತ್ತು ವರ್ಷ ಎದೆ ಸೆಟೆಸಿ ದಿನ ಹೇಳಿದ ಮನುಷ್ಯನಿಂದ, ತಾನು ಮರೆತೆ ಅಂತ ಅನ್ನಿಸಿಬಿಟ್ಟಿದ್ದಳು. ಅದನ್ನೇ ಹೊಗಳಿಕೆ ಅಂದುಕೊಂಡು ಊರಿಗೆಲ್ಲ ತೋರಿಸಿದ್ದಳು. ಅವರ ಮೊಣಕಾಲು ಹಿಡಿದುಕೊಂಡು, ‘ನೀವು ಮರೆತಿರಲಿಲ್ಲ ಅಪ್ಪ. ಮಂಗಳವಾರವೇ. ನೀವೇ ಸರಿ,’ ಅಂದಳು. ಎರಡು ಸಲ ಅಂದಳು.

ಅಪ್ಪ ಮೂಗು ಒರೆಸಿಕೊಂಡರು. ಆಮೇಲೆ ಅವರ ದನಿ ಹಳೆಯ ದನಿಗೆ ಬಂತು.

‘ಅಳೋದು ಆಮೇಲೆ. ನಾಳೆ ಒಂದು ಮನೇಲಿ ಕೆಲಸ ಇದೆ. ಫೋನು ಹಚ್ಚು ನಾಗಮಂಗಲಕ್ಕೆ.’

ರಾಘವೇಂದ್ರ ಮೇಷ್ಟ್ರು ಒಪ್ಪಲಿಲ್ಲ. ಶುಕ್ರವಾರಕ್ಕೆ ರಜೆ ಬರೆದುಕೊಟ್ಟಾಗಿದೆ, ತಂಗಿ ತುಮಕೂರಿನಿಂದ ನಾಳೆ ರಾತ್ರಿ ಬರುವವಳು, ಗೋಡೆಯ ಕ್ಯಾಲೆಂಡರಿನಲ್ಲೂ ಶುಕ್ರವಾರವೇ ದಶಮಿ ಇದೆ ಅಂತ ರೇಗಿದರು.

‘ಕ್ಯಾಲೆಂಡರು ಉದಯದ್ದು ಬರೆಯತ್ತೆ ಮೇಷ್ಟ್ರೇ,’ ಅಂದರು ಅಪ್ಪ. ‘ನಿಮ್ಮ ತಂದೆಯವರಿಗೆ ಎಲೆ ಹಾಕೋದು ಮಧ್ಯಾಹ್ನ. ಆಗ ದಶಮಿ ಇರೋದು ನಾಳೆ. ತಪ್ಪು ನಮ್ಮ ಮನೇದು, ಬೈಯೋದಿದ್ದರೆ ಬಂದಾಗ ನನ್ನನ್ನೇ ಬೈಯಿರಿ. ತಂಗೀನ ಇವತ್ತೇ ಬಸ್ಸು ಹತ್ತೋಕೆ ಹೇಳಿ. ಬೆಳಿಗ್ಗೆ ಹತ್ತಕ್ಕೆ ಅಲ್ಲಿರ್ತೀನಿ.’

ಮೇಷ್ಟ್ರು ದನಿ ಇಳಿಸಿ, ‘ನೀವು ಹೇಳ್ತಿದೀರ ಅಂದ ಮೇಲೆ ಆಯ್ತು ಬಿಡಿ,’ ಅಂದರು.

ಆಮೇಲೆ ಉಳಿದ ನಾಲ್ಕು ಮನೆಗೆ. ಪಾಂಡವಪುರದವರೊಬ್ಬರು ಚೆನ್ನಾಗಿಯೇ ಕೂಗಾಡಿದರು. ಅಪ್ಪ ಪೂರ್ತಿ ಕೇಳಿಸಿಕೊಂಡು, ತಪ್ಪಿಹೋದದ್ದಕ್ಕೆ ಬರುವ ಅಮಾವಾಸ್ಯೆ ಇದೆ, ದಕ್ಷಿಣೆ ಬೇಡ, ಇಲ್ಲೇ ಹೊಳೆ ದಡದಲ್ಲಿ ನಾಲ್ಕೂ ಮನೆಯದ್ದು ಒಟ್ಟಿಗೆ ನಾನೇ ಮಾಡಿಸಿಕೊಡುತ್ತೇನೆ ಅಂದರು. ಕಡೆಗೆ ಜಯಲಕ್ಷ್ಮಮ್ಮನವರಿಗೆ. ಆರತಿ ಪಂಚಾಂಗದಲ್ಲಿ ತಿಥಿ ಮುಗಿಯುವ ಗಳಿಗೆ ಓದಿ ಮುಗಿಸುವುದರೊಳಗೆ ಅಪ್ಪ ಸೋಮವಾರ ಅಂದುಬಿಟ್ಟರು. ತಿದ್ದಿದ ಜ್ಞಾಪಕದಲ್ಲೂ ಸೋಮವಾರವೇ ಬಂದಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಗೂಬೆಯವರಿಗೆ ಎರಡು ಸಾಲು ಬರೆದಳು: ‘ತಿದ್ದಿದ್ದೇನೆ. ಮನೆಯಲ್ಲಿ ತಿಳಿದವರನ್ನು ಕೇಳಿದೆ.’ ಪಂಚಾಂಗ ಬೇಡ ಅಂತ ಹಾಕಿದ್ದ ಹಳೆಯ ಮಾತನ್ನು ಅಳಿಸಿದಳು. ನಕ್ಷತ್ರ ನೋಡಲಿಲ್ಲ.

ಫೋನು ಕೆಳಗಿಡುವಾಗ ಅಪ್ಪ ಕೇಳಿದರು: ‘ಅಮ್ಮಂದೂ ಅಮಾವಾಸ್ಯೆಗೆ ಮಾಡೋಣ. ಆ ದಿನ ಆ ಮನೆಗಳದ್ದೆಲ್ಲ ಮಧ್ಯಾಹ್ನ ಹೊಳೆ ದಡದಲ್ಲಿ ಮುಗಿಸಿ ಬರ್ತೀನಿ, ಎರಡು ಗಂಟೆಗೆ ನಮ್ಮದು. ಎಳ್ಳುಂಡೆ ಮಾಡ್ತೀಯಾ?’

‘ಮಾಡ್ತೀನಿ ಅಪ್ಪ. ಜ್ಞಾಪಕಕ್ಕೆ ಹಾಕಿಡಲಾ?’

‘ಬೇರೆಯವರದ್ದೆಲ್ಲ ಹಾಕು,’ ಅಂದರು ಅನಂತರಾಮು. ‘ಅವಳದ್ದು ಬೇಡ. ನನಗೆ ಜ್ಞಾಪಕ ಇರತ್ತೆ.’